ಊರಿನಿಂದಲೇ ಹಿಂದಿ ಸಿನಿಮಾಕ್ಕೆ ಆಡಿಷನ್ ಟೇಪ್: ನಾಲಗೆ ಮೊದಲು, ಕ್ಯಾಮೆರಾ ಆಮೇಲೆ

ಮುಂಬೈಯ ಕಾಸ್ಟಿಂಗ್ ಆಫೀಸಿನಿಂದ ವಾಟ್ಸಾಪಿನಲ್ಲಿ ಒಂದೆರಡು ಪುಟದ ಸೀನ್ ಬರುತ್ತದೆ. ಜೊತೆಗೆ ‘ನಾಳೆ ಸಂಜೆಯೊಳಗೆ ಟೇಪ್ ಕಳಿಸಿ’ ಎಂದಷ್ಟೇ ಇರುತ್ತದೆ. ಟೇಪ್ ಎಂದರೆ ಆ ಸೀನನ್ನು ಅಭಿನಯಿಸಿ ಫೋನಿನಲ್ಲಿ ಹಿಡಿದ ವಿಡಿಯೊ. ಮಂಗಳೂರಿನಲ್ಲೋ ಉಡುಪಿಯಲ್ಲೋ ಇರುವ ನಟನಿಗೆ ಸಿಗುವುದು ಒಂದೂವರೆ ದಿನ. ಹೆಚ್ಚಿನವರು ಈ ಸಮಯವನ್ನೆಲ್ಲ ಲೈಟು, ಬಟ್ಟೆ, ಹಿನ್ನೆಲೆಗೆ ಸುರಿದು, ಮಾತನ್ನು ಕೊನೆಯ ಗಂಟೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಮೊದಲ ಎರಡು ಸಾಲಿನಲ್ಲೇ ಹಿಂದಿ ಎಡವಿದರೆ, ಆಮೇಲಿನ ಅಭಿನಯವನ್ನು ನೋಡುವವರು ಕಡಿಮೆ. ಆದ್ದರಿಂದ ಸಮಯದ ಮುಕ್ಕಾಲು ಪಾಲು ನಾಲಗೆಗೆ, ಕಾಲು ಪಾಲು ಚಿತ್ರೀಕರಣಕ್ಕೆ ಇಡಿ.

ಸೀನ್ ಕೈಗೆ ಬಂದ ಕೂಡಲೇ

ಹಿಂದಿ ಸೀನ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಬರುತ್ತವೆ. ಅಲ್ಲಿ ‘ಡಿ’ ಅಕ್ಷರ ಕಂಡರೆ ಅದು ದ ಇರಬಹುದು, ಡ ಇರಬಹುದು. ‘ಟಿ’ ಕಂಡರೆ ತ ಅಥವಾ ಟ. ಊಹೆಯ ಮೇಲೆ ಬಾಯಿಪಾಠ ಮಾಡಿದ ತಪ್ಪು ನಾಲಗೆಗೆ ಅಂಟಿಕೊಂಡರೆ ಮರುದಿನ ಬಿಡಿಸುವುದು ಕಷ್ಟ. ಹಾಗಾಗಿ ಒಂದು ಸಾಲನ್ನೂ ಕಲಿಯುವ ಮೊದಲು ಹಿಂದಿ ಮನೆಮಾತಿನವರೊಬ್ಬರಿಂದ ಓದಿಸಿಕೊಳ್ಳಿ. ಮಣಿಪಾಲದಲ್ಲಿ, ಸುರತ್ಕಲ್‌ನ ಎನ್‌ಐಟಿಕೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಉತ್ತರ ಭಾರತದ ವಿದ್ಯಾರ್ಥಿಗಳಿಗೆ ಬರವಿಲ್ಲ. ಅವರಿಂದ ಎರಡು ವಾಯ್ಸ್ ನೋಟ್ ಕೇಳಿ: ಒಂದು ನಿಧಾನವಾಗಿ, ಇನ್ನೊಂದು ಮಾತಾಡುವ ವೇಗದಲ್ಲಿ. ‘ಅಭಿನಯ ಬೇಡ, ಓದಿದರೆ ಸಾಕು’ ಎಂದು ಹೇಳಿ. ಅವರು ಅಭಿನಯಿಸಿದರೆ ಆ ರಾಗವೇ ನಿಮ್ಮ ಬಾಯಲ್ಲಿ ಕೂತುಬಿಡುತ್ತದೆ.

ಆಮೇಲೆ ಸೀನನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ದೇವನಾಗರಿ ಸರಾಗವಾಗಿ ಬರುವುದಾದರೆ ಇನ್ನೂ ಒಳ್ಳೆಯದು.

ನಮ್ಮ ನಾಲಗೆ ಎಲ್ಲಿ ಎಡವುತ್ತದೆ

ಅಭ್ಯಾಸಕ್ಕೆ ಒಂದೇ ವಾಕ್ಯ ಸಾಕು: ‘ಮೈಂನೇ ಉಸ್ ಲಡ್‌ಕೇ ಕೋ ಕಲ್ ರಾತ್ ಘರ್ ಭೇಜ್ ದಿಯಾ ಥಾ.’ ನಮ್ಮ ಕಡೆಯವರು ತಪ್ಪುವ ಮುಖ್ಯ ಜಾಗಗಳೆಲ್ಲ ಇದರಲ್ಲಿವೆ.

‘ಮೈಂನೇ’ಯಲ್ಲಿರುವ ಐ, ಕನ್ನಡದ ‘ಐದು’ವಿನ ಐ ಅಲ್ಲ. ಅ ಮತ್ತು ಇ ಸೇರಿಸಿ ಹೇಳಿದರೆ ದಕ್ಷಿಣದವರ ಹಿಂದಿ ಎಂದು ತಕ್ಷಣ ಗೊತ್ತಾಗುತ್ತದೆ. ಅದು ಬಾಯಿ ಸ್ವಲ್ಪ ಅಗಲಿಸಿ ಎಳೆಯುವ ಒಂದೇ ಸ್ವರ. ತುಳುವರಿಗೆ ಇದು ಹೊಸದೇನಲ್ಲ. ‘ಯಾನ್ ಪೋಪೆ’ ಮತ್ತು ‘ಆಯೆ ಪೋಪೆ’ ಎರಡನ್ನೂ ಹೇಳಿ ನೋಡಿ. ಬರೆಯುವಾಗ ಒಂದೇ, ಕಿವಿಗೆ ಬೇರೆ. ಮೊದಲನೆಯದರ ಕೊನೆಯಲ್ಲಿ ಬಾಯಿ ಹೆಚ್ಚು ತೆರೆಯುತ್ತದಲ್ಲ, ಆ ಸ್ವರವನ್ನೇ ಉದ್ದ ಮಾಡಿದರೆ ‘ಹೈ’ ಸರಿಯಾಗುತ್ತದೆ. ‘ಔರ್’ ಕೂಡ ಹಾಗೆಯೇ: ‘ಔಷಧ’ದ ಔ ಬೇಡ, ‘ಕಾಫಿ’ ಎನ್ನುವಾಗ ಇಂಗ್ಲಿಷಿನವರು ತುಟಿ ದುಂಡಗೆ ಮಾಡುವ ಸ್ವರ ಬೇಕು.

‘ಮೈಂನೇ’ಯ ಸೊನ್ನೆಯನ್ನು ‘ಮ್’ ಎಂದು ಮುಚ್ಚಬೇಡಿ. ‘ನಹೀಂ’ ಹೇಳಿದ ಮೇಲೆ ತುಟಿ ಮುಚ್ಚಿಕೊಂಡಿದ್ದರೆ ತಪ್ಪಾಗಿದೆ ಎಂದರ್ಥ. ಸದ್ದು ಮೂಗಿನಲ್ಲಿ ಹೋಗಬೇಕು, ತುಟಿ ತೆರೆದೇ ಇರಬೇಕು. ಮನೆಯಲ್ಲಿ ಕೊಂಕಣಿ ಆಡುವವರಿಗೆ ಇದನ್ನು ಕಲಿಸಬೇಕಾಗಿಲ್ಲ.

‘ಲಡ್‌ಕೇ’ಯ ಡ ನಮ್ಮ ಡ ಅಲ್ಲ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ, ಮೇಲೆ ಒತ್ತಿ ನಿಲ್ಲಿಸದೆ, ಒಮ್ಮೆ ತಟ್ಟಿ ಮುಂದಕ್ಕೆ ಬಿಡಬೇಕು. ‘ಸಡಕ್’, ‘ಬಡಾ’, ‘ಥೋಡಾ’, ‘ಗಾಡೀ’ ಎಲ್ಲದರಲ್ಲೂ ಇದೇ. ದಿನಕ್ಕೆ ಹತ್ತು ನಿಮಿಷದಂತೆ ಒಂದು ವಾರ ಬೇಕಾಗುತ್ತದೆ, ಒಂದೇ ದಿನದಲ್ಲಿ ಬರುವುದಿಲ್ಲ. ಸೀನ್ ಬರುವ ಮೊದಲೇ ಕಲಿತಿಟ್ಟುಕೊಳ್ಳಿ.

‘ಕಲ್’ ಎನ್ನುವುದು ‘ಕಲ್ಲು’ ಆಗುತ್ತದೆ, ‘ರಾತ್’ ಎನ್ನುವುದು ‘ರಾತು’ ಆಗುತ್ತದೆ. ಬಸ್ಸು, ಕಾರು ಎಂದು ಎಲ್ಲ ಪದದ ಬಾಲಕ್ಕೂ ಉಕಾರ ಹಚ್ಚುವುದು ಕನ್ನಡದ ಸ್ವಭಾವ. ಬರೆದುಕೊಂಡ ಹಾಳೆಯಲ್ಲಿ ಇಂಥ ಪ್ರತಿ ಪದದ ಕೊನೆಗೂ ಕೆಂಪು ಶಾಯಿಯ ಗೆರೆ ಹಾಕಿ, ಅಲ್ಲಿ ಸದ್ದನ್ನು ಕತ್ತರಿಸಿ.

ಇನ್ನು ‘ಘರ್’, ‘ಭೇಜ್’, ‘ಥಾ’ಗಳ ಮಹಾಪ್ರಾಣ. ದಿನದ ಮಾತಿನಲ್ಲಿ ನಾವು ಅದನ್ನು ಬಿಟ್ಟೇ ಮಾತಾಡುತ್ತೇವೆ. ಹಿಂದಿಯಲ್ಲಿ ಬಿಟ್ಟರೆ ಅರ್ಥವೇ ಬದಲು: ‘ಭಾರೀ’ ಎಂದರೆ ತೂಕದ್ದು, ‘ಬಾರೀ’ ಎಂದರೆ ಸರದಿ. ತಾಳಮದ್ದಲೆಯ ಅರ್ಥಧಾರಿಗಳನ್ನು ಕೇಳಿದವರಿಗೆ ‘ಭೀಮ’, ‘ಧರ್ಮಜ’, ‘ಘಟೋತ್ಕಚ’ ಹೇಗೆ ಹೊರಡಬೇಕೆಂದು ಗೊತ್ತು. ಆ ಉಚ್ಚಾರವನ್ನು ತನ್ನಿ, ಆ ಗಟ್ಟಿತನವನ್ನು ಅಲ್ಲೇ ಬಿಡಿ. ಖ, ಛ, ಥಗಳಿಗೆ ಬಾಯಿಯಿಂದ ಮೂರು ಬೆರಳು ದೂರದಲ್ಲಿ ತೆಳು ಕಾಗದ ಹಿಡಿದು ನೋಡಿ, ಅದು ಅಲುಗಬೇಕು.

ಲಿಂಗದ ತಪ್ಪು ಬರೆದುಕೊಟ್ಟ ಮಾತಿನಲ್ಲಿ ಕಾಣುವುದಿಲ್ಲ. ‘ಈಗ ನಿಮ್ಮದೇ ಮಾತಿನಲ್ಲಿ ಮಾಡಿ’ ಎಂದಾಗ ಹೊರಬೀಳುತ್ತದೆ. ಕನ್ನಡ, ತುಳುಗಳಲ್ಲಿ ಜೀವವಿಲ್ಲದ ವಸ್ತುವಿಗೆ ಗಂಡು ಹೆಣ್ಣೆಂಬುದಿಲ್ಲ. ಹಾಗಾಗಿ ‘ಮೇರಾ ಗಾಡೀ ಖರಾಬ್ ಹೋ ಗಯಾ’ ಎಂದು ಬಿಡುತ್ತೇವೆ. ಆಗಬೇಕಾದ್ದು ‘ಮೇರೀ ಗಾಡೀ ಖರಾಬ್ ಹೋ ಗಯೀ’. ನಿಯಮ ಓದಿ ಪ್ರಯೋಜನ ಕಡಿಮೆ, ಏಕೆಂದರೆ ‘ಈ’ಯಲ್ಲಿ ಮುಗಿಯುವ ‘ಪಾನೀ’ ಗಂಡು, ಹಾಗೆ ಮುಗಿಯದ ‘ಕಿತಾಬ್’ ಹೆಣ್ಣು. ಮನೆಯ ಐವತ್ತು ವಸ್ತುಗಳನ್ನು ‘ಮೇರಾ ಘರ್, ಮೇರೀ ಚಾಬೀ, ಮೇರೀ ಚಾಯ್, ಮೇರಾ ಫೋನ್’ ಎಂದು ಜೋಡಿಯಾಗಿಯೇ ಕಲಿಯಿರಿ.

ಒಂದು ಮಾತು ಖಂಡಿತ: ಪಾತ್ರ ದಕ್ಷಿಣದವನದ್ದೇ ಆಗಿದ್ದರೂ, ಕೇಳದೆ ಹಿಂದಿಯನ್ನು ಬೇಕೆಂದೇ ಕೆಡಿಸಬೇಡಿ. ಶುದ್ಧವಾಗಿ ಒಂದು ಟೇಕ್ ಕೊಡಿ. ಬೇರೆ ರೀತಿ ಬೇಕಿದ್ದರೆ ಅವರೇ ಕೇಳುತ್ತಾರೆ.

ಆಟದ ಮುಖ, ಕ್ಯಾಮೆರಾದ ಮುಖ

ಯಕ್ಷಗಾನ, ತುಳು ನಾಟಕಗಳಿಂದ ಬಂದವರಿಗೆ ಧೈರ್ಯ, ನೆನಪು, ಲಯ ಎಲ್ಲ ಇರುತ್ತದೆ. ತೊಂದರೆ ಅಳತೆಯದ್ದು. ಗದ್ದೆಯ ಆಚೆ ಬದಿಯಲ್ಲಿ ಕೂತವರಿಗೂ ಕಾಣಲೆಂದು ಪಳಗಿಸಿದ ಹುಬ್ಬು, ಎದೆಯಿಂದ ಮೇಲೆ ಮಾತ್ರ ಕಾಣುವ ಚೌಕಟ್ಟಿನಲ್ಲಿ ಕುಣಿದಂತೆ ಕಾಣುತ್ತದೆ. ನಾಟಕದವರು ನಗೆಗಾಗಿ ಬಿಡುವ ಅರೆಕ್ಷಣವೂ ಟೇಪಿನಲ್ಲಿ ಮಾತು ಮರೆತಂತೆ ಕೇಳಿಸುತ್ತದೆ. ಎದುರು ಪಾತ್ರದ ಮಾತು ಓದುವವರನ್ನು ಐದಾರು ಅಡಿ ದೂರದಲ್ಲಿ ನಿಲ್ಲಿಸಿ, ಅವರಿಗಷ್ಟೇ ಕೇಳುವಷ್ಟು ಮಾತಾಡಿ. ಮುಖವನ್ನು ಚಿಕ್ಕದು ಮಾಡಲು ಹೋಗಬೇಡಿ, ಮರಗಟ್ಟುತ್ತದೆ. ಸ್ವರ ಇಳಿಸಿದರೆ ಮುಖ ತಾನೇ ಇಳಿಯುತ್ತದೆ.

ಚಿತ್ರೀಕರಣ

ಫೋನ್ ಅಡ್ಡಕ್ಕೆ, ಹಿಂದಿನ ಕ್ಯಾಮೆರಾ, 1080ಪಿ. ಸೆಟ್ಟಿಂಗಿನಲ್ಲಿ ಸೆಕೆಂಡಿಗೆ 25 ಫ್ರೇಮ್ ಇದ್ದರೆ ಅದನ್ನೇ ಆರಿಸಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ 30 ಫ್ರೇಮಿನಲ್ಲಿ ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳ ಬೆಳಕು ಪಟಪಟ ಬಡಿದಂತೆ ಕಾಣಬಹುದು. ಲೆನ್ಸ್ ಕಣ್ಣಿನ ಎತ್ತರಕ್ಕೆ, ನಿಮ್ಮಿಂದ ಐದಾರು ಅಡಿ ದೂರ. ನೀವು ಗೋಡೆಯಿಂದ ಮೂರಡಿ ಮುಂದೆ; ಇಲ್ಲದಿದ್ದರೆ ನೆರಳು ಬೆನ್ನಿಗೆ ಅಂಟಿಕೊಳ್ಳುತ್ತದೆ. ಓದುವವರು ಲೆನ್ಸಿಗೆ ಒತ್ತಿಕೊಂಡೇ ನಿಂತು, ನಿಮಗಿಂತ ಮೆತ್ತಗೆ ಓದಲಿ. ಅವರು ದೂರ ಸರಿದಷ್ಟೂ ನಿಮ್ಮ ಕಣ್ಣು ಕ್ಯಾಮೆರಾದಿಂದ ತಪ್ಪಿಹೋಗುತ್ತದೆ. ಮುಖದ ಮೇಲೆ ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ, ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ಮುರಕಲ್ಲಿನ ಗೋಡೆ ಕಣ್ಣಿಗೆ ಚಂದ, ಆದರೆ ನೋಟವನ್ನು ಮುಖದಿಂದ ಎಳೆಯುತ್ತದೆ. ಇಸ್ತ್ರಿ ಹಾಕಿದ ಬೂದು ಅಥವಾ ತಿಳಿನೀಲಿ ಬೆಡ್‌ಶೀಟ್ ಸಾಕು.

ಮಳೆಗಾಲದ ಮೋಡದ ಬೆಳಕು ನಮಗೆ ಸಿಗುವ ಅತ್ಯುತ್ತಮ ಲೈಟ್. ಕಿಟಕಿಗೆ ಮುಖ ಮಾಡಿ ನಿಂತರಾಯಿತು. ಆದರೆ ಹೆಂಚಿನ ಮಾಡಿನ ಮೇಲೆ ಬೀಳುವ ಮಳೆಯ ಸದ್ದನ್ನು ಯಾವ ಆ್ಯಪ್ ಕೂಡ ಚೆನ್ನಾಗಿ ತೆಗೆಯಲಾರದು. ತಾರಸಿಯ ಕೋಣೆ ಹುಡುಕಿ, ಕಾಲರ್ ಮೈಕನ್ನು ಗಲ್ಲದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ. ಬಸ್ಸಿನ ಹಾರ್ನ್ ಬೇಡವಾದರೆ ರಸ್ತೆಯ ಬದಿಯ ಕಿಟಕಿ ಮುಚ್ಚಿ. ಫ್ಯಾನ್ ಆಫ್ ಮಾಡಲೇಬೇಕು; ಬೆವರಿಗೆ ಪ್ರತಿ ಟೇಕಿನ ನಡುವೆ ಟಿಶ್ಯೂ ಒತ್ತಿ, ಉಜ್ಜಬೇಡಿ. ಎಸಿ ಕೋಣೆಯಲ್ಲಿಟ್ಟ ಫೋನನ್ನು ಸೆಕೆಗೆ ತಂದರೆ ಲೆನ್ಸ್ ಮಂಜಾಗುತ್ತದೆ, ಹದಿನೈದು ನಿಮಿಷ ಕಾಯಿರಿ.

ಮೊದಲು ಪರಿಚಯ: ಹೆಸರು, ವಯಸ್ಸು, ಎತ್ತರ, ಈಗಿರುವ ಊರು, ಬರುವ ಭಾಷೆಗಳು. ನಂತರ ಎಡಕ್ಕೆ, ಬಲಕ್ಕೆ ತಿರುಗಿ ಮುಖ ತೋರಿಸಿ. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್. ಭಾಷೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಯಾವುದಿದ್ದರೂ ಹೇಳಿ. ಸೀನಿಗೆ ಐದಾರು ಟೇಕ್ ಸಾಕು. ಅದಕ್ಕಿಂತ ಹೆಚ್ಚಾದರೆ ಮಾತು ಒಣಗುತ್ತದೆ. ಎರಡನ್ನು ಮಾತ್ರ ಕಳಿಸಿ, ಎರಡೂ ಬೇರೆ ಬೇರೆಯಾಗಿರಲಿ.

ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಸಣ್ಣದಾಗುತ್ತದೆ. ಡಾಕ್ಯುಮೆಂಟ್ ಆಗಿ ಅಥವಾ ಡ್ರೈವ್ ಲಿಂಕಾಗಿ ಕಳಿಸಿ. ಲಿಂಕ್ ಇದ್ದವರೆಲ್ಲ ನೋಡುವಂತೆ ಅನುಮತಿ ಕೊಟ್ಟಿದ್ದೀರಾ ಎಂದು ಬೇರೆ ಫೋನಿನಲ್ಲಿ ತೆರೆದು ನೋಡಿ. ಫೈಲಿನ ಹೆಸರಲ್ಲಿ ನಿಮ್ಮ ಹೆಸರು, ಪಾತ್ರದ ಹೆಸರು ಇರಲಿ.

ಆಡಿಷನ್ನಿಗೆ, ರಿಜಿಸ್ಟ್ರೇಷನ್ನಿಗೆ, ‘ಕಾರ್ಡ್’ ಮಾಡಿಸಲು ಎಂದು ಯಾರಾದರೂ ದುಡ್ಡು ಕೇಳಿದರೆ ಟೇಪ್ ಕಳಿಸಬೇಡಿ. ನಟರನ್ನು ಹುಡುಕುವ ಕೆಲಸಕ್ಕೆ ಹಣ ಕೊಡುವವರು ನಿರ್ಮಾಪಕರು, ನಟರಲ್ಲ.

ಮತ್ತೆ ಕರೆ ಬಂದರೆ ಅಂಧೇರಿ ಪಶ್ಚಿಮ, ವರ್ಸೋವಾದ ಆರಾಮ್ ನಗರದ ಕಡೆಗೇ ಬರಲು ಹೇಳುವುದು ಹೆಚ್ಚು. ಮತ್ಸ್ಯಗಂಧ ರೈಲು ಹಿಡಿದರೆ ಮರುದಿನ ಬೆಳಿಗ್ಗೆ ಕುರ್ಲಾದ ಟರ್ಮಿನಸ್ಸಿನಲ್ಲಿ ಇಳಿಯುತ್ತೀರಿ. ಆದರೆ ಇಳಿದ ದಿನವೇ ಟೆಸ್ಟ್ ಒಪ್ಪಿಕೊಳ್ಳಬೇಡಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆ ಬೇರೆ ವೇಳಾಪಟ್ಟಿಯಲ್ಲಿ ನಿಧಾನ ಓಡುತ್ತದೆ, ಗುಡ್ಡ ಜರಿದರೆ ಇನ್ನೂ ತಡ. ಒಂದು ದಿನ ಮೊದಲೇ ತಲುಪಿ, ಟೇಪಿನಲ್ಲಿ ಹಾಕಿದ್ದ ಅಂಗಿಯನ್ನೇ ಹಾಕಿಕೊಂಡು ಹೋಗಿ. ಅವರ ನೆನಪಿನಲ್ಲಿರುವುದು ಆ ಅಂಗಿಯ ಮುಖ.