ಬೆಳಗಾವಿ ಕಡೆ ಎಎ ಮೀಟಿಂಗ್ ಹುಡುಕುವುದು ಹೇಗೆ?

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರು ಸೇರಿ ಒಬ್ಬರಿಗೊಬ್ಬರು ನೆರವಾಗುವ ಕೂಟ. ನಮ್ಮ ಎಎ ಗ್ರೂಪಿಗೆ ಬರುವ ಫೋನ್ ಎತ್ತುವ ಪಾಳಿ ಈಗ ನನ್ನದು. ನಾನು ರಿಟೈರ್ಡ್ ಬಸ್ ಕಂಡಕ್ಟರ್. ಹೆಸರು ಬೇಡ, ಎಎಯವರು ಹೊರಗೆ ಹೆಸರು ಹೇಳಿಕೊಳ್ಳುವುದಿಲ್ಲ. ಬೈಲಹೊಂಗಲ, ಗೋಕಾಕ, ಖಾನಾಪುರ, ಒಮ್ಮೊಮ್ಮೆ ಜಮಖಂಡಿಯಿಂದಲೂ ಫೋನ್ ಬರುತ್ತವೆ. ಮಾತಾಡುವವರು ಹೆಚ್ಚಾಗಿ ಹೆಂಗಸರು. "ಅಣ್ಣಾರ, ನಮ್ಮ ಮನಿಯವ್ರನ್ನ ಕರಕೊಂಡು ಬರ್ತೀನ್ರಿ, ಹೆಂಗರ ಮಾಡಿ ಕುಡಿಯೂದು ಬಿಡಿಸ್ರಿ" ಅಂತಾರೆ. ಅವರು ಪಕ್ಕದಲ್ಲಿದ್ದರೆ ಫೋನ್ ಅವರ ಕೈಗೇ ಕೊಡ್ರಿ ಅಂತೀನಿ. ಎಎಗೆ ಸೇರಲು ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಆದರೆ ಆ ಆಸೆ ಕುಡಿಯುವವನಿಗೇ ಇರಬೇಕು, ಅಲ್ವಾ?

ದಿನಾ ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನುವಷ್ಟು ಕುಡಿಯುವವರು ಮೀಟಿಂಗಿಗಿಂತ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಒಮ್ಮೆಲೇ ಬಿಟ್ಟರೆ ಕೆಲವೇ ತಾಸಿನಲ್ಲಿ ಕೈ ನಡುಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡನೇ, ಮೂರನೇ ದಿನ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಬಹುದು. ಇದರಲ್ಲಿ ಜೀವವೇ ಹೋಗಬಹುದು. ಬೆಳಗಾವಿಯಲ್ಲಿ ಸರ್ಕಾರಿ ಆಸ್ಪತ್ರೆ ಬಿಮ್ಸ್, ವಿಜಯಪುರ, ಬಾಗಲಕೋಟೆಯಲ್ಲಿ ಜಿಲ್ಲಾ ಆಸ್ಪತ್ರೆ ಇವೆ. ಅಲ್ಲಿ ಮಾನಸಿಕ ರೋಗ ವಿಭಾಗ ಎಲ್ಲಿ ಅಂತ ಕೇಳಿ. ದೂರದವರು ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯದ ಕ್ಲಿನಿಕ್ ಬಗ್ಗೆ ವಿಚಾರಿಸಿ. ಅದು ಮಂಗಳವಾರದ್ದು. ಮೀಟಿಂಗಿನಲ್ಲಿ ನಮ್ಮ ಹತ್ತಿರ ಗುಳಿಗೆಯೂ ಇರುವುದಿಲ್ಲ, ಸಲಾಯಿನ್ನೂ ಇರುವುದಿಲ್ಲ.

ಇನ್ನು ಕುಡಿತ ಬಿಡಿಸಲು ಅಂತ ಊಟದಲ್ಲಿ ಗೊತ್ತಾಗದಂತೆ ಬೆರೆಸಿ ಕೊಡುವ ಪುಡಿ. ದಯವಿಟ್ಟು ಬೇಡ. ಕೆಲವು ಔಷಧಗಳ ಮೇಲೆ ಕುಡಿದರೆ ಬಿಪಿ ಕುಸಿದು ಮನುಷ್ಯ ಬಿದ್ದುಬಿಡುತ್ತಾನೆ. ಏನು ತಿಂದಿದ್ದಾನೆ ಅಂತ ಅವನಿಗೂ ಗೊತ್ತಿರುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಈಗ ಹುಡುಕುವ ವಿಷಯ. ಎಎ ಇಂಡಿಯಾದ ವೆಬ್‌ಸೈಟಿನಲ್ಲಿ ಊರಿನ ಪ್ರಕಾರ ಮೀಟಿಂಗ್ ಹುಡುಕಬಹುದು. ಇಂಟರ್ನೆಟ್ ತಲೆನೋವು ಅನ್ನುವವರು 14446ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ನಶಾಮುಕ್ತಿ ಸಹಾಯವಾಣಿ, ದುಡ್ಡಿಲ್ಲ. ಮನಸ್ಸು ತೀರಾ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಇವೆಲ್ಲಕ್ಕಿಂತ ಒಳ್ಳೆಯ ದಾರಿ ಆಸ್ಪತ್ರೆಯ ಕೌನ್ಸೆಲರ್. ಯಾವ ಗ್ರೂಪ್ ಈಗ ನಡೆಯುತ್ತಿದೆ, ಯಾವುದು ನಿಂತಿದೆ ಅನ್ನುವುದು ಅವರಿಗೆ ಗೊತ್ತಿರುತ್ತದೆ.

ಎಎ ಒಂದೇ ದಾರಿ ಅಂತ ನಾನು ಹೇಳುವುದಿಲ್ಲ. ಧರ್ಮಸ್ಥಳ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರಿಗೆ ನವಜೀವನ ಸಮಿತಿ ಅಂತ ಅವರದೇ ಗುಂಪು ಇದೆ. ಹಳ್ಳಿಯವರಿಗೆ ಅದೇ ಹತ್ತಿರವಾಗಬಹುದು. ಇಳಕಲ್ಲಿನ ಮಹಾಂತ ಸ್ವಾಮಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ "ನಿಮ್ಮ ಚಟ ಹಾಕ್ರಿ" ಅಂತ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನ ಅಂತ ಆಚರಿಸುತ್ತದೆ. ಜೋಳಿಗೆಗೆ ಚಟ ಹಾಕಿ ಬಿಟ್ಟವರು ಇದ್ದಾರೆ, ನಾನೇ ಕಂಡಿದ್ದೇನೆ. ಆದರೆ ಆಣೆ ಮಾಡಿದ ಮರುವಾರದ ಸಂಜೆ ಕಳೆಯಲು ಒಂದು ಜಾಗ ಬೇಕಲ್ಲ. ಅದಕ್ಕೇ ವಾರವಾರ ಸೇರುವ ಗ್ರೂಪ್ ಹುಡುಕಿ ಅನ್ನುವುದು.

ನಂಬರ್ ಸಿಕ್ಕಿತು ಅನ್ನಿ. ವಿಳಾಸ ಹಿಡಿದು ಸೀದಾ ಹೊರಡಬೇಡಿ, ಮೊದಲು ಫೋನ್ ಮಾಡಿ. ಮೀಟಿಂಗ್ ಈ ವಾರ ಇದೆಯಾ? ಶಾಲೆಯ ಕೋಣೆಯಲ್ಲೋ ಚರ್ಚಿನ ಹಾಲಿನಲ್ಲೋ? ಯಾವ ಬಾಗಿಲು? ಹೊರಗೆ ಬೋರ್ಡ್ ಇಲ್ಲದಿರಬಹುದು. ಓಪನ್ ಮೀಟಿಂಗಾ, ಕ್ಲೋಸ್ಡಾ? ಓಪನ್ ಅಂದರೆ ಹೆಂಡತಿ, ಅಣ್ಣ, ಯಾರು ಬೇಕಾದರೂ ಜೊತೆಗೆ ಬರಬಹುದು. ಕ್ಲೋಸ್ಡ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮನೆಯವರಿಗೆ ಬೇರೆಯೇ ಅಲ್-ಅನಾನ್ ಇದೆ, ಅದನ್ನೂ ಕೇಳಿ. ಭಾಷೆ ಯಾವುದು ಅಂತಲೂ ಕೇಳಿ. ಬೆಳಗಾವಿ ನಮ್ಮದು, ಒಬ್ಬ ಮರಾಠಿಯಲ್ಲಿ ಶುರು ಮಾಡಿದರೆ ಇನ್ನೊಬ್ಬ ಕನ್ನಡದಲ್ಲಿ ಮುಗಿಸುತ್ತಾನೆ.

ಆಮೇಲೆ ಬಸ್. ಹಳೇ ಕಸುಬಿನ ಬುದ್ಧಿ, ಏನು ಮಾಡಲಿ! "ನಮ್ಮೂರಾಗ ಬ್ಯಾಡ್ರಿ, ಮಂದಿ ನೋಡ್ತಾರ" ಅಂತ ಎಷ್ಟೋ ಜನ ದೂರದ ಮೀಟಿಂಗ್ ಕೇಳುತ್ತಾರೆ. ನಾಚಿಕೆ ಅರ್ಥವಾಗುತ್ತದೆ. ಆದರೆ ಮೀಟಿಂಗ್ ಮುಗಿಯುವ ಮೊದಲೇ ನಿಮ್ಮೂರ ಕೊನೆಯ ಬಸ್ ಹೋಗುವಂತಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬರೇ ಉಳಿಯುತ್ತೀರಿ. ಎದುರಿಗೇ ಬಾರ್ ಇರುತ್ತದೆ. ಕೊನೆಯ ಬಸ್ಸಿನ ಟೈಮ್ ಮೊದಲು ನೋಡಿ, ಆಮೇಲೆ ಗ್ರೂಪ್ ಆರಿಸಿ. ನಿಲ್ದಾಣದಿಂದ ಹಾಲಿಗೆ ಹೋಗುವ ದಾರಿಯಲ್ಲಿ ನಿಮ್ಮ ಖಾಯಂ ಅಂಗಡಿ ಬರುತ್ತದಾ? ಬಂದರೆ ಸುತ್ತಾದರೂ ಬೇರೆ ದಾರಿ ಹಿಡಿಯಿರಿ, ಇಲ್ಲವೇ ಗ್ರೂಪಿನವರಿಗೆ ಹೇಳಿ. ಯಾರಾದರೂ ಬೈಕ್ ತಗೊಂಡು ನಿಲ್ದಾಣಕ್ಕೇ ಬರಬಹುದು.

ಒಳಗೆ ಫೀ ಇಲ್ಲ, ರಿಜಿಸ್ಟರಿನಲ್ಲಿ ಸಹಿ ಇಲ್ಲ. ಕೊನೆಗೆ ಒಂದು ಚೀಲ ಸುತ್ತುತ್ತದೆ, ಹೊಸಬರು ದುಡ್ಡು ಹಾಕಲೇಬೇಕೆಂದಿಲ್ಲ. ಮಾತಾಡಲು ಆಗದಿದ್ದರೆ ಸುಮ್ನೆ ಕೂತು ಕೇಳಿ. ಮೊದಲ ಮೀಟಿಂಗ್ ಹಿಡಿಸದಿದ್ದರೆ ಇನ್ನೊಂದು ಗ್ರೂಪ್ ನೋಡಿ, ಹತ್ತಿರ ಬೇರೆ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ಇವೆ. ಮುಗಿದ ಕೂಡಲೇ ಮಾತ್ರ ಎದ್ದು ಹೊರಡಬೇಡಿ. ಚಹಾ ಕುಡಿಯುತ್ತಾ ಒಬ್ಬರ ನಂಬರ್ ತಗೊಳ್ಳಿ. ನೀವು ದಿನಾ ಎಷ್ಟು ಗಂಟೆಗೆ ಗ್ಲಾಸ್ ಹಿಡಿಯುತ್ತಿದ್ದಿರೋ, ಆ ಹೊತ್ತಿಗೆ ಫೋನ್ ಎತ್ತುತ್ತೀರಾ ಅಂತ ಅವರನ್ನು ಆಗಲೇ ಕೇಳಿಬಿಡಿ.