ಪ್ರೀಮಿಯರ್ ಲೀಗ್ 2026–27: ಇಡೀ ಋತುವಿಗೆ ಒಂದು ಪುಸ್ತಕ ಇಡುವ ಕ್ರಮ

ಇಂಗ್ಲೆಂಡಿನ ಫುಟ್‌ಬಾಲ್ ಟೂರ್ನಿಯಾದ ಪ್ರೀಮಿಯರ್ ಲೀಗ್ ಅನ್ನು ಈ ಬಾರಿ ಪೂರ್ತಿಯಾಗಿ ಅನುಸರಿಸಲೇಬೇಕೆಂದು ಆಗಸ್ಟ್‌ನಲ್ಲಿ ಉತ್ಸಾಹದಿಂದ ಹೊರಟವರಲ್ಲಿ ಹಲವರು ಅಕ್ಟೋಬರ್ ಹೊತ್ತಿಗೆ ವಾರಕ್ಕೊಮ್ಮೆ ಅಂಕಪಟ್ಟಿ ನೋಡಿ ಸುಮ್ಮನಾಗುತ್ತಾರೆ. ಇಪ್ಪತ್ತು ತಂಡಗಳ 380 ಪಂದ್ಯಗಳನ್ನು ಯಾರೂ ನೋಡಲಾರರು ಎಂಬುದು ನಿಜ. ಆದರೆ ಅಂಕಪಟ್ಟಿಯೊಂದನ್ನೇ ನಂಬಿದರೆ ಋತು ಅರ್ಥವಾಗುವುದಿಲ್ಲ, ಏಕೆಂದರೆ ಯಾರು ಎಷ್ಟು ಅಂಕ ಗಳಿಸಿದರು ಎಂದಷ್ಟೇ ಅದು ಹೇಳುತ್ತದೆ. ಯಾರ ವಿರುದ್ಧ, ಯಾವ ಮೈದಾನದಲ್ಲಿ, ಎಷ್ಟು ದಿನಗಳ ವಿಶ್ರಾಂತಿಯ ನಂತರ ಗಳಿಸಿದರು ಎಂಬುದನ್ನು ಹೇಳುವುದಿಲ್ಲ. ಅದನ್ನು ಹೇಳುವುದು ವೇಳಾಪಟ್ಟಿ. ನಾನು ಹಲವು ವರ್ಷಗಳಿಂದ ವೇಳಾಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಒಂದು ಪುಸ್ತಕ ಬರೆಯುತ್ತಾ ಬಂದಿದ್ದೇನೆ, ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮಕ್ಕಳು ಗಣಿತಕ್ಕೆ ಬಳಸುವ ಚೌಕುಳಿ ಗೆರೆಯ ಪುಸ್ತಕ, ಅಡಿಕೋಲು, ಪೆನ್ಸಿಲ್ ಮತ್ತು ಎರಡು ಬಣ್ಣದ ಪೆನ್ನುಗಳಿದ್ದರೆ ಸಾಕು. ನಡುವಿನ ಎರಡು ಪುಟಗಳನ್ನು ಬಿಡಿಸಿ, ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಇಪ್ಪತ್ತು ತಂಡಗಳ ಹೆಸರುಗಳನ್ನೂ ಮೇಲ್ಗಡೆ ಎಡದಿಂದ ಬಲಕ್ಕೆ ಅದೇ ಇಪ್ಪತ್ತು ಹೆಸರುಗಳನ್ನೂ ಬರೆಯಬೇಕು. ಅಡ್ಡಸಾಲು ತವರಿನ ತಂಡದ್ದು, ಕಂಬಸಾಲು ಎದುರಾಳಿಯದ್ದು. ತಂಡವೊಂದು ತನ್ನೊಂದಿಗೇ ಆಡುವುದಿಲ್ಲವಾದ್ದರಿಂದ ಮೂಲೆಯಿಂದ ಮೂಲೆಗೆ ಇಪ್ಪತ್ತು ಮನೆಗಳನ್ನು ಹೊಡೆದುಹಾಕಿದರೆ ಉಳಿಯುವ ಮನೆಗಳು ಸರಿಯಾಗಿ 380. ಪ್ರತಿ ಮನೆಯ ಮೂಲೆಯಲ್ಲಿ ಪಂದ್ಯದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದು, ಪಂದ್ಯ ಮುಗಿದ ಮೇಲೆ ಫಲಿತಾಂಶವನ್ನು ಪೆನ್ನಿನಲ್ಲಿ ತುಂಬಬೇಕು. ದಿನಾಂಕವನ್ನು ಪೆನ್ನಿನಲ್ಲಿ ಬರೆಯಲೇಬಾರದು, ಏಕೆಂದರೆ ಜೂನ್ ತಿಂಗಳಲ್ಲಿ ಪ್ರಕಟವಾಗುವ ವೇಳಾಪಟ್ಟಿ ಅಂತಿಮವಲ್ಲ. ಬ್ರಿಟನ್ನಿನ ವಾಹಿನಿಗಳು ತಮಗೆ ಬೇಕಾದ ಪಂದ್ಯಗಳನ್ನು ಆರಿಸಿಕೊಂಡಂತೆ ಶನಿವಾರದ ಪಂದ್ಯ ಶುಕ್ರವಾರಕ್ಕೋ ಭಾನುವಾರಕ್ಕೋ ಸೋಮವಾರಕ್ಕೋ ಸರಿಯುತ್ತದೆ, ಎಫ್‌ಎ ಕಪ್ ಮತ್ತು ಲೀಗ್ ಕಪ್‌ನಲ್ಲಿ ಮುಂದೆ ಹೋದ ತಂಡಗಳ ಪಂದ್ಯಗಳು ತಿಂಗಳುಗಟ್ಟಲೆ ಮುಂದಕ್ಕೆ ಹೋಗುವುದೂ ಉಂಟು. ಬೆಂಗಳೂರಿನಿಂದ ಹೊರಟು ಮ್ಯಾಂಚೆಸ್ಟರ್‌ನಲ್ಲೋ ಲಿವರ್‌ಪೂಲ್‌ನಲ್ಲೋ ಒಂದು ಪಂದ್ಯವನ್ನಾದರೂ ಕಣ್ಣಾರೆ ನೋಡಬೇಕೆಂದಿರುವವರು, ಪ್ರಸಾರದ ಆಯ್ಕೆ ಪ್ರಕಟವಾಗುವ ಮುನ್ನ ಬದಲಾಯಿಸಲಾಗದ ಟಿಕೆಟ್ ಕೊಳ್ಳಬಾರದು.

ಇನ್ನು ದಿನಗಳ ಲೆಕ್ಕ. ಈ ಋತು 2026ರ ಆಗಸ್ಟ್ 22ರ ವಾರಾಂತ್ಯದಲ್ಲಿ ಆರಂಭವಾಗಿ 2027ರ ಮೇ 30ರ ಭಾನುವಾರ ಮುಗಿಯುತ್ತದೆ. ಒಟ್ಟು 38 ಸುತ್ತುಗಳಲ್ಲಿ 33 ವಾರಾಂತ್ಯದವು, ಐದು ವಾರದ ನಡುವಿನವು. ಹಿಂದಿನ ಋತುವಿಗಿಂತ ಒಂದು ವಾರ ತಡವಾಗಿ ಆರಂಭಿಸಲು ಕಾರಣ ವಿಶ್ವಕಪ್. ಅದರ ಫೈನಲ್ ಜುಲೈ 19ಕ್ಕೆ ನಿಗದಿಯಾಗಿರುವುದರಿಂದ ಕೊನೆಯವರೆಗೆ ಆಡುವ ಆಟಗಾರನಿಗೆ ರಜೆ ಮತ್ತು ಅಭ್ಯಾಸ ಎರಡಕ್ಕೂ ಸೇರಿ ಐದು ವಾರವೂ ಸಿಗುವುದಿಲ್ಲ. ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲಿ, ವಿಶ್ವಕಪ್‌ನ ಸೆಮಿಫೈನಲ್ ಹಂತದವರೆಗೆ ಆಡಿದವರು ಯಾವ ಕ್ಲಬ್‌ನಲ್ಲಿ ಎಷ್ಟು ಮಂದಿ ಇದ್ದಾರೆ ಎಂದು ಬರೆದಿಟ್ಟುಕೊಳ್ಳಿ. ಮೊದಲ ನಾಲ್ಕೈದು ಸುತ್ತುಗಳ ಅಚ್ಚರಿಯ ಫಲಿತಾಂಶಗಳಿಗೆ ಕಾರಣ ಹುಡುಕುವಾಗ ಮೊದಲು ನೋಡಬೇಕಾದ ಪುಟ ಅದೇ.

ಭಾರತದಲ್ಲಿ ಕುಳಿತು ನೋಡುವವರಿಗೆ ಗಡಿಯಾರದ ವಿಚಾರ ಬಹಳ ಮುಖ್ಯ. ಋತುವಿನ ಆರಂಭದಲ್ಲಿ ನಮ್ಮ ಸಮಯ ಇಂಗ್ಲೆಂಡಿಗಿಂತ ನಾಲ್ಕೂವರೆ ಗಂಟೆ ಮುಂದಿರುತ್ತದೆ. ಅಲ್ಲಿನ ಶನಿವಾರ ಮಧ್ಯಾಹ್ನ 12.30ರ ಪಂದ್ಯ ನಮಗೆ ಸಂಜೆ 5ಕ್ಕೆ, 3 ಗಂಟೆಯದು ರಾತ್ರಿ 7.30ಕ್ಕೆ, ಸಂಜೆ 5.30ರದು ರಾತ್ರಿ 10ಕ್ಕೆ. ಅಕ್ಟೋಬರ್ 25ರಂದು ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಅಲ್ಲಿಂದಾಚೆಗೆ ಅಂತರ ಐದೂವರೆ ಗಂಟೆಯಾಗಿ ಎಲ್ಲ ಪಂದ್ಯಗಳೂ ನಮಗೆ ಒಂದು ಗಂಟೆ ತಡವಾಗುತ್ತವೆ. ರಾತ್ರಿ 8ರ ಪಂದ್ಯವೆಂದರೆ ಚಳಿಗಾಲದಲ್ಲಿ ನಮಗೆ ಮರುದಿನ ನಸುಕಿನ 1.30. ಮತ್ತೆ 2027ರ ಮಾರ್ಚ್ 28ರಂದು ಹಳೆಯ ಲೆಕ್ಕಕ್ಕೆ ಮರಳುತ್ತೇವೆ. ಅಕ್ಟೋಬರ್‌ನ ಬದಲಾವಣೆಯನ್ನು ಮರೆತರೆ ಟಿವಿಯ ಮುಂದೆ ಒಂದು ಗಂಟೆ ಕಾಯಬೇಕಾಗುತ್ತದೆ, ಅಷ್ಟೇ. ಮಾರ್ಚ್‌ನದನ್ನು ಮರೆತರೆ ಪಂದ್ಯದ ಮೊದಲಾರ್ಧವೇ ಕೈತಪ್ಪುತ್ತದೆ. ಒಂದು ವರ್ಷ ನನಗೆ ಹಾಗಾಯಿತು. ಆ ಪಂದ್ಯದ ಎರಡು ಗೋಲುಗಳನ್ನು ನೇರವಾಗಿ ನೋಡಲಾಗಲಿಲ್ಲವೆಂಬ ಕೊರಗು ಇಂದಿಗೂ ಇದೆ. ಅಂದಿನಿಂದ ಈ ಎರಡು ದಿನಾಂಕಗಳನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲೂ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತೇನೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಬೇಕು. ಶನಿವಾರ ಮಧ್ಯಾಹ್ನ 2.45ರಿಂದ 5.15ರವರೆಗೆ ಬ್ರಿಟನ್ನಿನಲ್ಲಿ ಫುಟ್‌ಬಾಲ್ ಪಂದ್ಯಗಳ ನೇರ ಪ್ರಸಾರಕ್ಕೆ ನಿರ್ಬಂಧವಿದೆ. ದೊಡ್ಡ ಕ್ಲಬ್‌ಗಳ ಪಂದ್ಯ ಟಿವಿಯಲ್ಲಿ ಬಂದರೆ ಕೆಳಹಂತದ ಕ್ಲಬ್‌ಗಳ ಮೈದಾನಕ್ಕೆ ಜನ ಬರುವುದಿಲ್ಲವೆಂಬ ಕಾಳಜಿಯಿಂದ 1960ರ ದಶಕದಿಂದ ನಡೆದುಬಂದ ಪದ್ಧತಿ ಇದು. ಈ ನಿರ್ಬಂಧ ಹೊರದೇಶಗಳಿಗೆ ಅನ್ವಯಿಸುವುದಿಲ್ಲವಾದ್ದರಿಂದ ಮ್ಯಾಂಚೆಸ್ಟರಿನ ಮನೆಯಲ್ಲಿ ಕುಳಿತವರಿಗೆ ಸಿಗದ ನೇರ ಪ್ರಸಾರ ಮೈಸೂರಿನಲ್ಲಿ ಸಿಗುತ್ತದೆ. ಕೆಳಗಿನ ಅರ್ಧದ ತಂಡಗಳು ಹೆಚ್ಚಾಗಿ ಆಡುವುದು ಈ 3 ಗಂಟೆಯ ಹೊತ್ತಿನಲ್ಲೇ, ಆದ್ದರಿಂದ ಅವುಗಳನ್ನು ಅರಿಯಲು ನಮಗೆ ಒಳ್ಳೆಯ ಅವಕಾಶವಿದೆ.

ದಿನಾಂಕಗಳನ್ನು ತುಂಬಿದ ಮೇಲೆ ಬಿಡುವುಗಳನ್ನು ಗುರುತಿಸಬೇಕು. ಇದುವರೆಗೆ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ರಾಷ್ಟ್ರೀಯ ತಂಡಗಳ ಪಂದ್ಯಗಳಿಗಾಗಿ ಎರಡು ಪ್ರತ್ಯೇಕ ಬಿಡುವುಗಳಿದ್ದವು. 2026ರಿಂದ ಫಿಫಾ ಅವೆರಡನ್ನೂ ಸೇರಿಸಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ ಒಂದೇ ದೀರ್ಘ ಬಿಡುವು ಮಾಡಿದೆ. ಡಿಸೆಂಬರ್ 26 ಈ ವರ್ಷ ಶನಿವಾರ ಬಂದಿದೆ, ಆದ್ದರಿಂದ ಹಿಂದಿನ ಋತುವಿನಲ್ಲಿ ಒಂದೇ ಪಂದ್ಯಕ್ಕೆ ಇಳಿದಿದ್ದ ಬಾಕ್ಸಿಂಗ್ ಡೇ (ಕ್ರಿಸ್‌ಮಸ್‌ನ ಮರುದಿನ) ಮತ್ತೆ ತುಂಬಿಕೊಳ್ಳಲಿದೆ. ಜನವರಿ ಆರಂಭದಿಂದ ಫೆಬ್ರುವರಿ ಮೊದಲ ವಾರದವರೆಗೆ ಸೌದಿ ಅರೇಬಿಯಾದಲ್ಲಿ ಏಷ್ಯನ್ ಕಪ್ ನಡೆಯುವುದರಿಂದ ಜಪಾನ್, ದಕ್ಷಿಣ ಕೊರಿಯಾ, ಉಜ್ಬೇಕಿಸ್ತಾನಗಳ ಆಟಗಾರರನ್ನು ನೆಚ್ಚಿಕೊಂಡ ಕ್ಲಬ್‌ಗಳ ಸಾಲಿನಲ್ಲಿ ಆ ವಾರಗಳಿಗೆ ಒಂದು ಗೆರೆ ಎಳೆದಿಡಿ. ಯೂರೋಪಿನ ಟೂರ್ನಿಗಳಲ್ಲಿ ಆಡುವ ತಂಡಗಳ ವಿಶ್ರಾಂತಿಯನ್ನಂತೂ ಗಂಟೆಗಳಲ್ಲೇ ಎಣಿಸಬೇಕು. ಗುರುವಾರ ರಾತ್ರಿ 8ಕ್ಕೆ ಯೂರೋಪಾ ಲೀಗ್‌ನಲ್ಲಿ ಆಡಿದ ತಂಡ ಭಾನುವಾರ ಮಧ್ಯಾಹ್ನ 2ಕ್ಕೆ ಕಣಕ್ಕಿಳಿದರೆ ಆರಂಭದಿಂದ ಆರಂಭಕ್ಕೆ ಸಿಗುವುದು 66 ಗಂಟೆ, ಅದರಲ್ಲೇ ವಿಮಾನಪ್ರಯಾಣವೂ ಸೇರಿದೆ. 2024–25ರಲ್ಲಿ ಟಾಟನ್‌ಹ್ಯಾಮ್ ಯೂರೋಪಾ ಲೀಗ್ ಗೆದ್ದೂ ಲೀಗ್‌ನಲ್ಲಿ 38 ಅಂಕಗಳೊಂದಿಗೆ 17ನೆಯ ಸ್ಥಾನಕ್ಕೆ ಇಳಿದದ್ದನ್ನು ನೆನೆದರೆ ಈ ಎಣಿಕೆಯ ಬೆಲೆ ತಿಳಿಯುತ್ತದೆ.

ಈಗ ಈ ಕ್ರಮದ ತಿರುಳಿಗೆ ಬರುತ್ತೇನೆ. ಪ್ರತಿ ಫಲಿತಾಂಶವನ್ನೂ ಹಿಂದಿನ ಋತುವಿನ ಅದೇ ಪಂದ್ಯದೊಡನೆ, ಅಂದರೆ ಅದೇ ಎದುರಾಳಿಯ ವಿರುದ್ಧ ಅದೇ ಮೈದಾನದಲ್ಲಿ ಬಂದ ಫಲಿತಾಂಶದೊಡನೆ ಹೋಲಿಸಿ, ಅಂಕಗಳ ವ್ಯತ್ಯಾಸವನ್ನು ಬರೆಯುತ್ತಾ ಹೋಗಬೇಕು. ಹಿಂದಿನ ಋತುವಿನ ಕೊನೆಗೆ ಕೆಳಗಿನ ಲೀಗ್‌ಗೆ ಇಳಿದ ಮೂರು ತಂಡಗಳ ಜಾಗಕ್ಕೆ ಅಲ್ಲಿಂದ ಬಡ್ತಿ ಪಡೆದ ಮೂರನ್ನು ಕ್ರಮವಾಗಿ ಕೂರಿಸಬೇಕು: ಎರಡನೆಯ ಹಂತದ ಲೀಗ್ ಆದ ಚಾಂಪಿಯನ್‌ಷಿಪ್ ಗೆದ್ದದ್ದು 18ನೆಯದರ ಜಾಗಕ್ಕೆ, ಎರಡನೆಯದು 19ನೆಯದರ ಜಾಗಕ್ಕೆ, ಪ್ಲೇ-ಆಫ್ ಗೆದ್ದದ್ದು 20ನೆಯದರ ಜಾಗಕ್ಕೆ.

ಮ್ಯಾಂಚೆಸ್ಟರ್ ಯುನೈಟೆಡ್‌ನ 2025–26ರ ಆರಂಭವನ್ನು ನನ್ನ ಪುಸ್ತಕದಿಂದಲೇ ತೆಗೆದು ತೋರಿಸುತ್ತೇನೆ. ಮೊದಲ ಪಂದ್ಯದಲ್ಲಿ ತವರಿನಲ್ಲಿ ಆರ್ಸೆನಲ್ ಎದುರು 0–1ರಿಂದ ಸೋತರು. ಹಿಂದಿನ ವರ್ಷ ಅದು 1–1 ಡ್ರಾ ಆಗಿತ್ತು, ಆದ್ದರಿಂದ ಒಂದು ಅಂಕ ಕಡಿಮೆ. ಫುಲ್‌ಹ್ಯಾಮ್‌ನಲ್ಲಿ 1–1; ಹಿಂದಿನ ವರ್ಷ 1–0 ಗೆಲುವು, ಎರಡು ಅಂಕ ಕಡಿಮೆ. ತವರಿನಲ್ಲಿ ಬರ್ನ್‌ಲಿ ಎದುರು 3–2 ಗೆಲುವು. ಬರ್ನ್‌ಲಿಯ ಜಾಗದಲ್ಲಿದ್ದ ಇಪ್ಸ್‌ವಿಚ್ ಎದುರೂ ಹಿಂದಿನ ವರ್ಷ ಅದೇ 3–2, ವ್ಯತ್ಯಾಸ ಸೊನ್ನೆ. ಮ್ಯಾಂಚೆಸ್ಟರ್ ಸಿಟಿಯ ಮೈದಾನದಲ್ಲಿ 0–3 ಸೋಲು. ಹಿಂದಿನ ವರ್ಷ ಅಲ್ಲಿ 2–1ರಿಂದ ಗೆದ್ದಿದ್ದರು, ಮೂರು ಅಂಕ ಕಡಿಮೆ. ನಾಲ್ಕು ಪಂದ್ಯಗಳಿಗೆ ನಾಲ್ಕು ಅಂಕ ಎಂದಾಗ ಎದುರಾಳಿಗಳು ಬಲಿಷ್ಠರಾಗಿದ್ದರು ಎಂಬ ಸಮಾಧಾನ ಕೇಳಿಬರುತ್ತಿತ್ತು. ಆದರೆ 15ನೆಯ ಸ್ಥಾನದಲ್ಲಿ ಮುಗಿಸಿದ್ದ ವರ್ಷದಲ್ಲೇ ಇವೇ ನಾಲ್ಕು ಪಂದ್ಯಗಳಿಂದ ಅವರು ಹತ್ತು ಅಂಕ ಗಳಿಸಿದ್ದರು ಎಂಬುದನ್ನು ಪುಸ್ತಕ ತೋರಿಸಿತು.

ಅಲ್ಲಿಗೇ ನಿಲ್ಲಿಸಿದ್ದರೆ ತಪ್ಪು ತೀರ್ಮಾನಕ್ಕೆ ಬರುತ್ತಿದ್ದೆ. ಮುಂದಿನ ಐದು ಪಂದ್ಯಗಳಲ್ಲಿ ಚೆಲ್ಸಿ ಎದುರು ಎರಡು ಅಂಕ ಹೆಚ್ಚು, ಬ್ರೆಂಟ್‌ಫರ್ಡ್ ಮತ್ತು ಸಂಡರ್‌ಲೆಂಡ್ ಪಂದ್ಯಗಳಲ್ಲಿ ವ್ಯತ್ಯಾಸವಿಲ್ಲ, ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಎದುರು 2–1ರಿಂದ ಗೆದ್ದದ್ದರಿಂದ ಎರಡು ಹೆಚ್ಚು, ಬ್ರೈಟನ್ ಎದುರು ಮೂರು ಹೆಚ್ಚು. ಒಂಬತ್ತು ಪಂದ್ಯಗಳಿಗೆ 16 ಅಂಕ. ಹಿಂದಿನ ವರ್ಷ ಅವೇ ಪಂದ್ಯಗಳಿಗೆ 15. ಆರರ ಕೊರತೆ ಒಂದರ ಗಳಿಕೆಯಾಗಿ ತಿರುಗಿತ್ತು. ಹೀಗಾಗಿ ಕನಿಷ್ಠ ಹತ್ತು ಸುತ್ತು ಮುಗಿಯುವವರೆಗೆ ಯಾವ ತಂಡದ ಬಗೆಗೂ ಪೆನ್ನಿನಲ್ಲಿ ತೀರ್ಪು ಬರೆಯಬೇಡಿ. ಇಪ್ಪತ್ತೂ ತಂಡಗಳಿಗೆ ಈ ಲೆಕ್ಕ ಇಡುವುದು ಕಷ್ಟವೆನಿಸಿದರೆ ನಿಮ್ಮ ತಂಡ, ಅದರ ಪ್ರತಿಸ್ಪರ್ಧಿ ಮತ್ತು ಬಡ್ತಿ ಪಡೆದ ಮೂರು, ಹೀಗೆ ಐದನ್ನು ಆರಿಸಿಕೊಳ್ಳಿ.

ಬಡ್ತಿ ಪಡೆದವರನ್ನು ಸೇರಿಸಲು ಹೇಳಿದ್ದಕ್ಕೆ ಕಾರಣವಿದೆ. 2023–24ರಲ್ಲೂ 2024–25ರಲ್ಲೂ ಮೇಲೆ ಬಂದ ಮೂರೂ ತಂಡಗಳು ಅದೇ ವರ್ಷ ಕೆಳಗಿಳಿದವು. ಉಳಿಯಲು 40 ಅಂಕ ಬೇಕೆಂಬ ಮಾತು ಹಳೆಯದು. 2002–03ರಲ್ಲಿ ವೆಸ್ಟ್ ಹ್ಯಾಮ್ 42 ಅಂಕ ಗಳಿಸಿಯೂ ಇಳಿಯಿತು, ಆದರೆ 18ನೆಯ ಸ್ಥಾನದ ತಂಡ 2023–24ರಲ್ಲಿ 26, ಮರುವರ್ಷ 25 ಅಂಕಗಳಿಗೇ ನಿಂತಿತು. ಪಂದ್ಯಕ್ಕೊಂದು ಅಂಕದಂತೆ 38ರ ಬಳಿ ಗೆರೆ ಎಳೆದು ನೋಡುವುದು ನನ್ನ ರೂಢಿ. ಅಂಕಗಳು ಸಮವಾದರೆ ಮೊದಲು ಗೋಲು ಅಂತರ, ನಂತರ ಗಳಿಸಿದ ಗೋಲುಗಳು ಲೆಕ್ಕಕ್ಕೆ ಬರುತ್ತವೆ. 2011–12ರಲ್ಲಿ ಮ್ಯಾಂಚೆಸ್ಟರಿನ ಎರಡೂ ತಂಡಗಳು 89 ಅಂಕ ಗಳಿಸಿದಾಗ ಸಿಟಿ ಪ್ರಶಸ್ತಿ ಗೆದ್ದದ್ದು ಎಂಟು ಗೋಲುಗಳ ಅಂತರದಿಂದ. ಆದ್ದರಿಂದ 4–0 ಆದ ಮೇಲೂ ಬರುವ ಐದನೆಯ ಗೋಲನ್ನು ಬಿಡದೆ ಬರೆಯಿರಿ.

ನಿಯಮಗಳಲ್ಲಿ ಮೂರನ್ನು ಹಿಂಬದಿಯ ಪುಟದಲ್ಲಿ ಗುರುತಿಸಿಕೊಂಡರೆ ಸಾಕು. ವರ್ಗಾವಣೆಯ ಅವಧಿ ಮುಗಿದ ಮೇಲೆ ಪ್ರತಿ ಕ್ಲಬ್ ಹೆಚ್ಚೆಂದರೆ 25 ಆಟಗಾರರ ಪಟ್ಟಿ ಕೊಡಬೇಕು, ಅದರಲ್ಲಿ ಇಂಗ್ಲೆಂಡ್ ಅಥವಾ ವೇಲ್ಸ್‌ನ ಕ್ಲಬ್‌ಗಳಲ್ಲಿ ಬೆಳೆಯದವರು 17ಕ್ಕಿಂತ ಹೆಚ್ಚಿರುವಂತಿಲ್ಲ. 21 ವರ್ಷದೊಳಗಿನವರು ಈ ಲೆಕ್ಕಕ್ಕೆ ಸೇರುವುದಿಲ್ಲ. ತಂಡದ ಮೇಲಿನ ಖರ್ಚನ್ನು ಆದಾಯದ ಶೇ 85ಕ್ಕೆ ಕಟ್ಟಿಹಾಕುವ ಹೊಸ ಹಣಕಾಸು ನಿಯಮ ಈ ಋತುವಿನಿಂದ ಜಾರಿಗೆ ಬರುತ್ತಿದೆ, ಜನವರಿಯ ಖರೀದಿಗಳನ್ನು ನೋಡುವಾಗ ಅದು ನೆನಪಿರಲಿ. ಅಂಗಿಯ ಮುಂಭಾಗದಲ್ಲಿ ಜೂಜಿನ ಕಂಪನಿಗಳ ಹೆಸರು ಈ ವರ್ಷದಿಂದ ಇರುವುದಿಲ್ಲ. ಮಕ್ಕಳೊಡನೆ ಕುಳಿತು ಪಂದ್ಯ ನೋಡುವ ನನ್ನಂಥವರಿಗೆ ಇದು ನಿಜಕ್ಕೂ ಸಂತೋಷದ ಸಂಗತಿ.

ಕೊನೆಯ ಸುತ್ತಿಗೆ ಮಾತ್ರ ಬೇರೆಯೇ ತಯಾರಿ ಬೇಕು. ಅಂದು ಹತ್ತು ಪಂದ್ಯಗಳೂ ಒಂದೇ ಹೊತ್ತಿಗೆ, ವಾಡಿಕೆಯಂತೆ ಅಲ್ಲಿನ ಸಂಜೆ 4ಕ್ಕೆ, ನಮಗೆ ರಾತ್ರಿ 8.30ಕ್ಕೆ ಆರಂಭವಾಗುತ್ತವೆ. ಹಿಂದಿನ ದಿನವೇ ಖಾಲಿ ಉಳಿದ ಹತ್ತು ಮನೆಗಳನ್ನು ಒಂದು ಹಾಳೆಗೆ ಇಳಿಸಿ, ಪ್ರಶಸ್ತಿ, ಯೂರೋಪಿನ ಸ್ಥಾನ, ಕೆಳಗಿಳಿಯುವಿಕೆ ಈ ಮೂರರಲ್ಲಿ ಯಾವುದಕ್ಕೆ ಯಾವ ಪಂದ್ಯ ಸಂಬಂಧಿಸಿದೆ ಎಂದು ಪಕ್ಕದಲ್ಲಿ ಬರೆದಿಡಿ. ಟಿವಿಯಲ್ಲಿ ಒಂದು ಪಂದ್ಯವನ್ನಷ್ಟೇ ಹಾಕಿ, ಉಳಿದವುಗಳ ಗೋಲು ಬಿದ್ದಾಗಲೆಲ್ಲ ನಿಮಿಷದ ಸಮೇತ ಆ ಹಾಳೆಯಲ್ಲಿ ಪೆನ್ಸಿಲಿನಿಂದ ಗುರುತಿಸುತ್ತಾ ಹೋಗಿ.