ಕಿಟ್‌ನಿಂದ ಮೊದಲ ಸಲ ವೈನ್ ಮಾಡುವವರಿಗೆ: ಗ್ಯಾಸ್ ಪೂರ್ತಿ ತೆಗೆಯಿರಿ

ನಾನು ಈಚೆಗೆ 23 ಲೀಟರ್ ಕಿಟ್‌ನಲ್ಲಿ (ದ್ರಾಕ್ಷಿರಸ, ಈಸ್ಟ್, ಬೇಕಾದ ಪ್ಯಾಕೆಟ್‌ಗಳೆಲ್ಲ ಸೇರಿ ಬರುವ ಡಬ್ಬ) ಮೊದಲ ಸಲ ಕೆಂಪು ವೈನ್ ಮಾಡಿದೆ. ಕಲಿತದ್ದನ್ನು ಹೇಳುತ್ತೇನೆ.

ಬಕೆಟ್, ಚಮಚ, ಪೈಪು ಎಲ್ಲವನ್ನೂ ಸ್ಯಾನಿಟೈಸ್ ಮಾಡಿ, ಇದರಲ್ಲಿ ರಾಜಿ ಬೇಡ. ಈಸ್ಟ್ ಹಾಕುವ ಮುಂಚೆ ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ; ಸಕ್ಕರೆ ಆಲ್ಕೋಹಾಲ್ ಆದಂತೆ ಅಂಕಿ ಇಳಿಯುತ್ತದೆ) ರೀಡಿಂಗ್ ಬರೆದಿಟ್ಟುಕೊಳ್ಳಿ. ನನ್ನದು 1.086 ಇತ್ತು. ಈ ಅಂಕಿ ಇಲ್ಲದಿದ್ದರೆ ಆಲ್ಕೋಹಾಲ್ ಎಷ್ಟಾಯಿತು ಅಂತ ಲೆಕ್ಕ ಹಾಕಲು ಆಗಲ್ಲ.

ಮೊದಲ ದಿನ ಏನೂ ಕಾಣದಿದ್ದರೆ ಗಾಬರಿ ಬೇಡ. ಎರಡನೇ ದಿನ ಬೆಳಿಗ್ಗೆ ಬಕೆಟ್ಟಿಗೆ ಕಿವಿಯಿಟ್ಟೆ, ಒಳಗೆ ಸಣ್ಣಗೆ ಚುರುಚುರು ಸದ್ದು. ಎಷ್ಟು ಖುಷಿಯಾಯಿತು ಗೊತ್ತಾ!

ಗುಳ್ಳೆ ನಿಂತ ಮಾತ್ರಕ್ಕೆ ಹುದುಗುವುದು ಮುಗಿಯಿತು ಅಂತಲ್ಲ. ರೀಡಿಂಗ್ 0.996 ಅಥವಾ ಅದಕ್ಕಿಂತ ಕೆಳಗೆ ಬಂದು, ಎರಡು ಮೂರು ದಿನ ಬದಲಾಗದೆ ನಿಲ್ಲಬೇಕು.

ನಾನು ಎಡವಿದ್ದು ಇದಾದ ಮೇಲೆ. ಹುದುಗುವಾಗ ವೈನ್‌ನಲ್ಲಿ ಸೇರಿಕೊಂಡ ಗ್ಯಾಸ್ ತೆಗೆಯಲು ಎರಡೇ ನಿಮಿಷ ಕಲಕಿ, ತಿಳಿಯಾಗಿಸುವ ಪ್ಯಾಕೆಟ್ ಹಾಕಿಬಿಟ್ಟೆ. ವಾರವಾದರೂ ವೈನ್ ಮಬ್ಬಾಗಿಯೇ ಇತ್ತು. ಒಳಗೆ ಉಳಿದ ಕಾರ್ಬನ್ ಡೈಆಕ್ಸೈಡ್ ಗಸಿಯನ್ನು ತಳಕ್ಕೆ ಇಳಿಯಲು ಬಿಡುವುದಿಲ್ಲ. ವೈನ್ ತಣ್ಣಗಿದ್ದರೆ ಗ್ಯಾಸ್ ಇನ್ನೂ ಗಟ್ಟಿಯಾಗಿ ಕೂರುತ್ತದೆ, ಹಾಗಾಗಿ 22-24 ಡಿಗ್ರಿ ಇದ್ದಾಗ ಕಲಕಿ. ಸುಮ್ನೆ ಅಂದಾಜು ಬೇಡ, ಹೀಗೆ ನೋಡಿ: ಸಣ್ಣ ಬಾಟಲಿಗೆ ಅರ್ಧ ವೈನ್ ಹಾಕಿ, ಬಾಯಿಗೆ ಹೆಬ್ಬೆರಳು ಒತ್ತಿ ಕುಲುಕಿ, ಬೆರಳು ತೆಗೆಯಿರಿ. 'ಪುಸ್' ಅಂದರೆ ಇನ್ನೂ ಕಲಕಬೇಕು.

ತಿಳಿಯಾಗುವವರೆಗೂ ಬಾಟಲಿಗೆ ತುಂಬಬೇಡಿ. ಕಿಟ್ ಡಬ್ಬದ ಮೇಲಿನ ದಿನಗಳಿಗಿಂತ ಎರಡು ವಾರ ಜಾಸ್ತಿ ಆದರೂ ಪರವಾಗಿಲ್ಲ.